ಹತ್ತರ ಕಿಟಕಿ

ಫೆಬ್ರವರಿ ೬

ಅಕ್ಕಾ,

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮಗಳು, ನಮ್ಮ ರಾಕೆಟ್ಟು, ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ನಿಂತಿರುತ್ತಾಳೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದಿದ ಮೇಲೆ ಅವಳ ಕೈಗೆ ಸಿಗದ ಹಾಗೆ ಎತ್ತಿಡು.

ಮುಂದಿನ ತಿಂಗಳು ರಾಕೆಟ್ಟಿಗೆ ಹತ್ತು ತುಂಬುತ್ತದಲ್ಲ, ಈ ಸಲ ಅಂಗಡಿಯ ಕಾರ್ಡು ಕಳಿಸುವ ಧೈರ್ಯ ನನಗಿಲ್ಲ. ಹೋದ ವರ್ಷದ ಕಾರ್ಡಿನಲ್ಲಿ ಗ್ರಹಗಳ ಸಾಲು ತಪ್ಪಿದೆ ಎಂದು ಕೆಂಪು ಶಾಯಿಯಲ್ಲಿ ತಿದ್ದಿ ನನಗೇ ವಾಪಸ್ಸು ಕಳಿಸಿದ್ದಳು ಮಹಾರಾಯ್ತಿ. ಆದ್ದರಿಂದ ನಾನೇ ಒಂದು ಮಾಡುತ್ತಿದ್ದೇನೆ. ಕಾರ್ಡಲ್ಲ, ಕಾಲಯಂತ್ರ. ದಪ್ಪ ರಟ್ಟಿನ ಮೇಲೆ ಅಂತರಿಕ್ಷ ನೌಕೆ, ಅದರ ನಡುವೆ ಒಂದು ದುಂಡು ಕಿಟಕಿ, ಕಿಟಕಿಯ ಹಿಂದೆ ತಿರುಗುವ ಚಕ್ರ. ಚಕ್ರ ತಿರುಗಿಸಿದರೆ ಕಿಟಕಿಯಲ್ಲಿ ಅವಳದೇ ಮುಖ ಬರುತ್ತದೆ: ಮೊದಲು ಹತ್ತರದ್ದು, ಆಮೇಲೆ ಇಪ್ಪತ್ತರದ್ದು, ನಲವತ್ತರದ್ದು, ಎಪ್ಪತ್ತರದ್ದು. ಇಪ್ಪತ್ತಕ್ಕೆ ಚಂದ್ರನಲ್ಲಿ ಬಸ್ಸು ಓಡಿಸುತ್ತಾಳೆ, ಎಪ್ಪತ್ತಕ್ಕೆ ಮನೆಯ ರೋಬೋಟಿನ ಜೊತೆ ಜಗಳ ಆಡುತ್ತಾಳೆ.

ಕಾಣೆಯಾದ ಮಕ್ಕಳ ಹಳೆಯ ಫೋಟೋ ನೋಡಿ, ಈಗ ಹೇಗಿದ್ದಾರು ಎಂದು ಚಿತ್ರ ಬರೆಯುವುದು ನನ್ನ ಹೊಟ್ಟೆಪಾಡು. ಒಂದು ಸಲವಾದರೂ ಕಳೆದುಹೋಗದ ಮಗುವೊಂದನ್ನು ಬೆಳೆಸಿ ನೋಡೋಣ ಎಂಬ ಆಸೆ ನನಗೆ. ಅವಳ ಹೊಸ ಫೋಟೋ, ನೀನೂ ಭಾವನೂ ಚಿಕ್ಕವರಿದ್ದಾಗಿನ ಫೋಟೋ, ಅಮ್ಮನ ಒಂದು ಫೋಟೋ, ಇಷ್ಟನ್ನು ಕಳಿಸು. ಮಕ್ಕಳ ಮುಖ ವಯಸ್ಸಾಗುತ್ತಾ ಹೆತ್ತವರ ಕಡೆಗೇ ವಾಲುತ್ತದೆ. ನಲವತ್ತಕ್ಕೆ ಅವಳಿಗೆ ನಿನ್ನ ಜೋಡಿಗಲ್ಲ ಬಂದರೆ ನನ್ನನ್ನು ಬೈಯಬೇಡ.

ನಿನ್ನ ತಮ್ಮ

ಫೆಬ್ರವರಿ ೧೭

ತಮ್ಮ,

ಫೋಟೋ ಇಟ್ಟಿದ್ದೇನೆ. ಜೋಡಿಗಲ್ಲದ ಮಾತು ಇನ್ನೊಮ್ಮೆ ಎತ್ತಿದರೆ ನಿನ್ನ ಬೊಕ್ಕ ತಲೆಯ ವಿಷಯ ನಾನು ಎತ್ತುತ್ತೇನೆ.

ರಾಕೆಟ್ಟಿನ ಫೋಟೋ ತೆಗೆಸಲು ಸಾಕುಸಾಕಾಯಿತು. ಕನ್ನಡಕ ತೆಗೆಯುವುದಿಲ್ಲ ಎಂದು ಒಂದೇ ಹಟ. ಈಗ ಗಾಜು ಇನ್ನೂ ದಪ್ಪವಾಗಿದೆ, ಅರ್ಧ ಮುಖ ಅದರಲ್ಲೇ ಮುಚ್ಚಿಹೋಗುತ್ತದೆ. ವರ್ಷಕ್ಕೆ ಒಂದು ಸಲವಾದರೂ ನನ್ನ ಮಗಳ ಕಣ್ಣು ಕಾಣಲಿ ಎಂದು ನಾನೂ ಬಿಡಲಿಲ್ಲ. ಇನ್ನೊಂದು ಲೋಕದಲ್ಲಿ ಕನ್ನಡಕವಿಲ್ಲದ ತಾನು ಒಬ್ಬಳಿದ್ದಾಳಂತೆ, ನಾನು ಅವಳ ಫೋಟೋ ತೆಗೆಯುತ್ತಿದ್ದೇನಂತೆ. ಇಂಥ ಪುಸ್ತಕ ಕೊಡಿಸಿದವನು ನೀನು, ಅನುಭವಿಸುವವಳು ನಾನು.

ಗಾರ್ಮೆಂಟಿನಲ್ಲಿ ಕೆಲಸ ಜಾಸ್ತಿ. ನನ್ನನ್ನು ಈಗ ಪ್ಯಾಟರ್ನ್ ಮೇಜಿಗೆ ಹಾಕಿದ್ದಾರೆ. ಒಂದೇ ಅಂಗಿಯ ಅಚ್ಚನ್ನು ಸಣ್ಣ ಸೈಜಿನಿಂದ ದೊಡ್ಡ ಸೈಜಿಗೆ ಏರಿಸುತ್ತಾ ಹೋಗುವುದು. ನೀನು ಮುಖಕ್ಕೆ ಮಾಡುವುದನ್ನು ನಾನು ಬಟ್ಟೆಗೆ ಮಾಡುತ್ತೇನೆ ಅಂದುಕೋ.

ಮರೆತಿದ್ದೆ, ನಮ್ಮ ಬಸ್ ನಿಲ್ದಾಣದ ಗೋಡೆಗೂ ನಿನ್ನ ಪೋಸ್ಟರ್ ಬಂದಿದೆ. ಯಾವುದೋ ಹುಡುಗಿಯದು. ನಿನ್ನ ಪೆನ್ಸಿಲ್ಲು ನನಗೆ ಗೊತ್ತಾಗದೆ ಇರುತ್ತದೆಯೇ? ನೋಡಿದ ತಕ್ಷಣ ಎದೆ ಝಲ್ಲೆಂದಿತು. ಕಳೆದುಹೋದ ಮಗುವಿನ ಚಿತ್ರ ನೋಡಿದರೆ ಯಾವ ತಾಯಿಗೂ ಹಾಗೇ ಆಗುತ್ತದೆಯೇನೋ. ಅಷ್ಟರಲ್ಲಿ ಬಸ್ಸು ಬಂತು.

ಅಕ್ಕ

ಮಾರ್ಚ್ ೫

ಅಕ್ಕಾ,

ಕಾಲಯಂತ್ರ ಇದರ ಜೊತೆಗೇ ಬರುತ್ತಿದೆ. ಮೊದಲು ಮಾಡಿದ್ದು ಕೆಟ್ಟುಹೋಯಿತು. ಚಕ್ರದ ಹಿಂದೆ ಗೋಂದು ಇಳಿದು ರಾಕೆಟ್ಟು ಎಪ್ಪತ್ತಕ್ಕೇ ಅಂಟಿಕೊಂಡುಬಿಟ್ಟಳು. ಎರಡನೆಯದಕ್ಕೆ ನಡುವೆ ಹಿತ್ತಾಳೆ ಪಿನ್ನು ಹಾಕಿದ್ದೇನೆ, ಸಲೀಸಾಗಿ ತಿರುಗುತ್ತದೆ. ಬಲಗಡೆಯ ಪಟ್ಟಿ ಎಳೆದರೆ ನೌಕೆ ಮೇಲೇಳುತ್ತದೆ. ಕೆಂಪು ಗುಂಡಿ ಒತ್ತಿದರೆ ಒಳಗಿರುವ ಎರಡು ತಾಮ್ರದ ಪಟ್ಟಿ ಒಂದಕ್ಕೊಂದು ತಾಗಿ ಪುಟ್ಟ ಬಲ್ಬು ಹತ್ತುತ್ತದೆ. ಗಡಿಯಾರದ ಸೆಲ್ಲು ಹಾಕಿದ್ದೇನೆ. ಒತ್ತಿ ಹಿಡಿದುಕೊಂಡೇ ಕೂರಬೇಡ ಎಂದು ಅವಳಿಗೆ ಹೇಳು.

ಹತ್ತರ ಮುಖ ಬರೆಯಲು ಏನೂ ಕಷ್ಟವಾಗಲಿಲ್ಲ, ಕೈ ತಾನೇ ಓಡಿತು. ನಲವತ್ತರದ್ದು ಮಾತ್ರ ಕಾಡಿಸಿತು. ಕೊನೆಗೆ ಅದು ಅಮ್ಮನ ಹಾಗೆ ಬಂತು. ತಿದ್ದದೆ ಹಾಗೇ ಬಿಟ್ಟೆ.

ನಿಮ್ಮ ಊರಿಗೆ ಬಂದಿರುವ ಪೋಸ್ಟರ್ ಏಪ್ರಿಲ್ ಅಮ್ಮನ ಮಗಳದು. ಆಫೀಸಿನಲ್ಲಿ ನಾವೆಲ್ಲ ಆಕೆಯನ್ನು ಹಾಗೇ ಕರೆಯುವುದು. ಮಗುವಿಗೆ ಮೂರು ವರ್ಷವಿದ್ದಾಗ ರೈಲು ನಿಲ್ದಾಣದ ಗದ್ದಲದಲ್ಲಿ ಕೈ ತಪ್ಪಿಹೋಯಿತು. ಮಗು ಕಳೆದುಹೋದ ಏಪ್ರಿಲ್ ತಿಂಗಳು ಬಂತೆಂದರೆ ಆಕೆ ಬಂದು ನನ್ನ ಮೇಜಿನ ಎದುರು ಕೂರುತ್ತಾಳೆ, ಚಿತ್ರಕ್ಕೆ ಇನ್ನೊಂದು ವರ್ಷ ಕೂಡಿಸಿ ಕೊಡಬೇಕು. ಇರುವುದು ಒಂದೇ ಮಸುಕು ಫೋಟೋ, ಅದರಲ್ಲೂ ಮಗುವಿನ ತಲೆಗೆ ಉಣ್ಣೆ ಟೋಪಿ. ತಾಯಿಯ ಬಾಲ್ಯದ ಫೋಟೋ ಒಂದೂ ಇಲ್ಲ, ತಂದೆ ತೀರಿಕೊಂಡಿದ್ದಾನೆ. ಇಷ್ಟರಲ್ಲೇ ನಾನು ಆ ಹುಡುಗಿಯನ್ನು ಬೆಳೆಸಿದ್ದೇನೆ. ನಮ್ಮ ವಿಭಾಗದಲ್ಲಿ ಇಷ್ಟು ಜೀವಂತ ಮುಖ ಇನ್ನೊಂದಿಲ್ಲ ಅನ್ನುತ್ತಾರೆ. ಅವಳಿಗೂ ಈ ವರ್ಷ ಹತ್ತು.

ಹುಟ್ಟುಹಬ್ಬದ ದಿನ ಬೆಳಿಗ್ಗೆಯೇ ಕೊಡು. ಅವಳ ಮುಖ ಹೇಗಾಯಿತು ಎಂದು ಬರೆ.

ತಮ್ಮ

ಮಾರ್ಚ್ ೧೯

ತಮ್ಮ,

ನೀನು ಫೋನ್ ಮಾಡುತ್ತಿದ್ದೀಯ, ಗೊತ್ತು. ಎತ್ತಿದರೆ ಬೈಗುಳ ಬಿಟ್ಟು ಬೇರೇನೂ ಬಾಯಿಗೆ ಬರುವುದಿಲ್ಲ.

ರಾಕೆಟ್ಟಿಗೆ ಕಾರ್ಡು ಎಷ್ಟು ಹಿಡಿಸಿತೆಂದರೆ ಶಾಲೆಗೇ ತೆಗೆದುಕೊಂಡು ಹೋದಳು. ವ್ಯಾನಿನಲ್ಲಿ ಎಲ್ಲರಿಗೂ ಚಕ್ರ ತಿರುಗಿಸಿ ತೋರಿಸಿದ್ದಾಳೆ. ವ್ಯಾನಿನ ಡ್ರೈವರು ದಿನಾ ಮಕ್ಕಳನ್ನು ಇಳಿಸಿ ಬಸ್ ನಿಲ್ದಾಣದ ಪೋಸ್ಟರಿನ ಮುಂದೆ ಚಹಾ ಕುಡಿಯುವವನು. ಹತ್ತರ ಕಿಟಕಿಯ ಕನ್ನಡಕವಿಲ್ಲದ ಮುಖ ನೋಡಿದವನೇ, ಪುಟ್ಟಿ, ಒಂದ್ಸಲ ಕನ್ನಡಕ ತೆಗಿ ಅಂದನಂತೆ. ಇವಳು ತೆಗೆದಳು. ಅವನು ಪೋಸ್ಟರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದ.

ಮಾರನೆಯ ದಿನ ಇಬ್ಬರು ಪೊಲೀಸರು ಬಂದರು. ಬಾಗಿಲಲ್ಲೇ ನಿಂತು, "ಈ ಮಗು ನಿಮ್ಮದೇನಾ?" ಅಂದರು. ಹೌದು ಅನ್ನಲು ನನಗೆ ಒಂದು ಗಳಿಗೆ ಹಿಡಿಯಿತು. ಹೆತ್ತವಳು ನಾನು. ಆದರೂ ಆ ಒಂದು ಗಳಿಗೆ, ಆಸ್ಪತ್ರೆಯಲ್ಲಿ ಯಾವ ಮಂಚ, ಯಾವ ಗೋಡೆ, ಯಾರು ಎತ್ತಿ ಕೊಟ್ಟರು ಎಂದು ನೆನಪಿಸಿಕೊಳ್ಳಲು ಒದ್ದಾಡಿದೆ. ನಿನ್ನ ಭಾವ ಕಾಗದಪತ್ರ ಹುಡುಕಲು ಬೀರು ತಲೆಕೆಳಗು ಮಾಡಿದರು. ಪಕ್ಕದ ಮನೆಯವರು ನೋಡುತ್ತಾ ನಿಂತರು.

ಪೊಲೀಸರ ಹಿಂದೆ ಒಬ್ಬ ಹೆಂಗಸಿದ್ದಳು. ನಿನ್ನ ಏಪ್ರಿಲ್ ಅಮ್ಮ. ಮಗಳು ಸಿಕ್ಕಿದ್ದಾಳೆ ಎಂದು ಯಾರೋ ಹೇಳಿ ಕರೆತಂದಿದ್ದಾರೆ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಹತ್ತು ವರ್ಷದ ಹುಡುಗಿಗೆ ಆಗುವ ಅಂಗಿ. ನಾನು ಬಟ್ಟೆಯ ಕೆಲಸದವಳು, ಸೈಜು ನೋಡಿದರೆ ಗೊತ್ತಾಗುತ್ತದೆ.

ಆಕೆ ರಾಕೆಟ್ಟಿನ ಬಲಗಿವಿಯ ಹಿಂದಿನ ಕೂದಲನ್ನು ಮೆಲ್ಲಗೆ ಸರಿಸಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಕೂದಲನ್ನು ಮತ್ತೆ ಮೊದಲಿನ ಹಾಗೇ ಮಾಡಿದಳು. "ಇವಳಲ್ಲ" ಅಂದಳು. ಆಮೇಲೆ ನಡೆದದ್ದನ್ನು ಬರೆಯಲು ಈಗ ನನ್ನಿಂದ ಆಗುವುದಿಲ್ಲ.

ನನಗೆ ಒಂದೇ ಉತ್ತರ ಕೊಡು. ಊರೂರಿನ ಗೋಡೆಗೆ ನನ್ನ ಮಗಳ ಮುಖ ಯಾಕೆ ಅಂಟಿಸಿದೆ?

ಅಕ್ಕ

ಮಾರ್ಚ್ ೨೨

ಅಕ್ಕಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಆದರೆ ನೀನು ಅಂದುಕೊಂಡಿರುವುದು ನಿಜವಲ್ಲ. ಆ ಹುಡುಗಿಯ ಚಿತ್ರವನ್ನು ನಾನು ರಾಕೆಟ್ಟನ್ನು ನೋಡಿ ಬರೆದಿಲ್ಲ. ಟೋಪಿಯ ಫೋಟೋ ಎದುರಿಗಿಟ್ಟುಕೊಂಡೇ ಬರೆದದ್ದು. ನಮ್ಮ ಕೆಲಸಕ್ಕೆ ಒಂದು ಪದ್ಧತಿಯಿದೆ, ನಾನು ಅದನ್ನು ಮೀರಿದವನಲ್ಲ.

ಹತ್ತು ವರ್ಷದ ಹುಡುಗಿಯರು ಒಬ್ಬರಂತೆ ಒಬ್ಬರು ಕಾಣುವುದು ಸಹಜ. ಚಹಾ ಕುಡಿಯುತ್ತಾ ಗೋಡೆ ನೋಡುವ ಡ್ರೈವರಿಗೆ ಎರಡು ಚಿತ್ರ ಒಂದೇ ಅನ್ನಿಸಿದ್ದರೆ ಅದು ಒಂದೇ ಪೆನ್ಸಿಲ್ಲಿನ ಗುಣ ಇರಬಹುದು. ಪೊಲೀಸರು ವಿಚಾರಿಸದೆ ಆ ತಾಯಿಯನ್ನು ಕರೆತಂದದ್ದು ದೊಡ್ಡ ತಪ್ಪು, ಅದನ್ನು ಮೇಲಿನವರಿಗೆ ಬರೆಯುತ್ತೇನೆ.

ಕಾರ್ಡನ್ನು ಸ್ವಲ್ಪ ದಿನ ಅವಳ ಕೈಗೆ ಕೊಡಬೇಡ. ಅವಳು ಹೇಗಿದ್ದಾಳೆ ಎಂದು ಒಂದು ಸಾಲು ಬರೆ.

ತಮ್ಮ

ಮಾರ್ಚ್ ೨೮

ತಮ್ಮ,

ನಿನ್ನ ಕಾಗದ ನನಗೆ ಸರ್ಕಾರಿ ನೋಟೀಸಿನ ಹಾಗೆ ಕಂಡಿತು. ನೀನು ಹೆದರಿದಾಗಲೇ ಹೀಗೆ ಬರೆಯುವುದು, ಅದಕ್ಕೇ ಕೋಪ ಮಾಡಿಕೊಳ್ಳದೆ ಎದ್ದು ಬಸ್ ನಿಲ್ದಾಣಕ್ಕೆ ಹೋದೆ.

ಪ್ಯಾಟರ್ನ್ ಮೇಜಿನ ತೆಳುಕಾಗದ ಪೋಸ್ಟರಿನ ಮೇಲಿಟ್ಟು ಮುಖದ ಗೆರೆ ತೆಗೆದುಕೊಂಡೆ. ಜನ ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು. ಮನೆಗೆ ಬಂದು ರಾಕೆಟ್ಟಿನ ಹೋದ ವರ್ಷದ ಫೋಟೋವನ್ನು ಅದೇ ಅಳತೆಗೆ ಏರಿಸಿ ಒಂದರ ಮೇಲೊಂದು ಇಟ್ಟೆ. ಹುಬ್ಬಿನ ತಿರುವು, ಎಡಗೆನ್ನೆಯ ಗುಳಿ, ಮೇಲಿನ ತುಟಿ, ಎಲ್ಲಾ ಕೂತಿತು. ಒಂದೇ ಅಚ್ಚಿಟ್ಟು ಕತ್ತರಿಸಿದ ಎರಡು ಬಟ್ಟೆ ಅವು. ಹೋದ ತಿಂಗಳು ನನ್ನ ಎದೆ ಝಲ್ಲೆಂದದ್ದು ಯಾರದೋ ಮಗುವಿಗಾಗಿ ಅಲ್ಲ ಕಣೋ, ನನ್ನದಕ್ಕೆ.

ನೀನು ಬೇಕೆಂದು ಮಾಡಿಲ್ಲ, ನಂಬುತ್ತೇನೆ. ನಿನ್ನ ಮೇಜಿನ ಗಾಜಿನ ಕೆಳಗೆ ಏನಿದೆ ಹೇಳು. ನಾನು ವರ್ಷ ವರ್ಷ ಕಳಿಸುವ ಅವಳ ಹುಟ್ಟುಹಬ್ಬದ ಫೋಟೋ, ಸಾಲಾಗಿ. ಮಾರ್ಚಿನಲ್ಲಿ ನನ್ನ ಫೋಟೋ ಬರುತ್ತದೆ, ಏಪ್ರಿಲ್ಲಿನಲ್ಲಿ ಆಕೆ ಬರುತ್ತಾಳೆ. ಆಕೆ ಎದುರು ಕೂತು ಅತ್ತಾಗ ನೀನು ಎಲ್ಲಿ ನೋಡುತ್ತೀಯ? ಅಮ್ಮ ಅಡುಗೆಮನೆಯಲ್ಲಿ ಅಳುತ್ತಿದ್ದರೆ ನೀನು ನೆಲದ ಕಲ್ಲು ಎಣಿಸುತ್ತಿದ್ದೆ. ಯಾರಾದರೂ ಅತ್ತರೆ ನಿನ್ನ ಕಣ್ಣು ಕೆಳಗೇ ಹೋಗುತ್ತದೆ.

ಅವತ್ತು ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಪೊಲೀಸರು ಹೊರಟ ಮೇಲೂ ಆಕೆ ಸ್ವಲ್ಪ ಹೊತ್ತು ಕೂತಿದ್ದಳು. ರಾಕೆಟ್ಟು ಕಾರ್ಡು ತಂದು ಗುಂಡಿ ಒತ್ತಿ ತೋರಿಸಿದಳು. ಆಕೆ ಚಕ್ರ ತಿರುಗಿಸಿದಳು, ನಲವತ್ತರಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದಳು. ಯಾರು ಮಾಡಿದ್ದು ಎಂದು ಕೇಳಿದಳು. ನಮ್ಮ ಮಾಮ ಎಂದಳು ಇವಳು.

ಆಕೆ ಅಳಲಿಲ್ಲ. ನಿಧಾನವಾಗಿ ಹೇಳಿದಳು, "ಅವರು ಪ್ರತಿ ವರ್ಷ ಚಿತ್ರ ಕೊಟ್ಟಾಗ ಇದು ನನ್ನ ಮಗು ಅಲ್ಲ ಅನ್ನಿಸ್ತಿತ್ತು. ನನಗೇ ಮರೀತಾ ಇದೆ ಅಂದ್ಕೊಂಡೆ. ದಿನಾ ಅದನ್ನೇ ನೋಡಿ ನೋಡಿ ಕಲ್ತ್ಕೊಂಡೆ. ಈಗ ಕಣ್ಣು ಮುಚ್ಚಿದ್ರೂ ನಿಮ್ಮ ಮಗಳೇ ಬರ್ತಾಳೆ ಕಣಮ್ಮ, ನನ್ನವಳು ಬರಲ್ಲ."

ನೀರು ಕೊಟ್ಟೆ. ಕುಡಿದು ಹೋದಳು.

ರಾಕೆಟ್ಟು ಹೇಗಿದ್ದಾಳೆ ಎಂದು ಕೇಳಿದ್ದೀಯ. ಕನ್ನಡಕ ತೆಗೆದು ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಇನ್ನೊಂದು ಲೋಕದ ತಾನು ಈ ಲೋಕದಲ್ಲೇ ಇದ್ದಾಳಾ ಎಂದು ಕೇಳುತ್ತಾಳೆ. ಮೊನ್ನೆ ಊಟಕ್ಕೆ ಕೂತಾಗ, "ಅಮ್ಮ, ನಾನು ನಿಂಗೆ ಎಲ್ಲಿ ಸಿಕ್ದೆ?" ಅಂದಳು.

ಅಕ್ಕ

ಏಪ್ರಿಲ್ ೪

ಅಕ್ಕಾ,

ನಿನ್ನ ಕಾಗದ ಬಂದ ಮೇಲೆ ಒಂದು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ. ಸುಳ್ಳೆಂದು ತೋರಿಸಬೇಕೆಂದೇ ಕಡತ ತೆಗೆಸಿದೆ. ಏಪ್ರಿಲ್ ಅಮ್ಮನಿಗೆ ಬರೆದುಕೊಟ್ಟ ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟೆ, ಅವುಗಳ ಕೆಳಗೆ ಗಾಜಿನಡಿಯ ನಿನ್ನ ಫೋಟೋಗಳು.

ರಾಕೆಟ್ಟಿನ ಮುಂದಿನ ಹಲ್ಲು ಬಿದ್ದ ವರ್ಷ ಆ ಹುಡುಗಿಗೂ ಹಲ್ಲು ಬಿದ್ದಿದೆ. ನೀನು ಅವಳ ಮುಂಗೂದಲು ಕತ್ತರಿಸಿದ ವರ್ಷ ಆ ಹುಡುಗಿಗೂ ಮುಂಗೂದಲು ಬಂದಿದೆ. ನೆಗಡಿಯಾಗಿ ಇವಳ ಕಣ್ಣು ಊದಿದ್ದ ಫೋಟೋ ಒಂದಿದೆಯಲ್ಲ, ಆ ವರ್ಷದ ಪೋಸ್ಟರಿನಲ್ಲಿ ಕಣ್ಣಿನ ಕೆಳಗೆ ಅದೇ ಊತ. ಯಾರೂ ಬರೆ ಎಂದು ಹೇಳದ ನೆಗಡಿಯನ್ನು ಬರೆದಿದ್ದೇನೆ.

ಇಷ್ಟು ಜೀವಂತ ಮುಖ ಎಂದು ಎಲ್ಲರೂ ಹೊಗಳಿದ್ದು ಸರಿಯೇ. ಅದು ಜೀವಂತ ಮಗುವಿನದೇ ಮುಖ.

ಟೋಪಿಯ ಫೋಟೋ ಮಸುಕು, ತಾಯಿಯ ಬಾಲ್ಯದ ಫೋಟೋ ಇಲ್ಲ. ಹಾಗಿದ್ದಾಗ ತಾಯಿಯನ್ನೇ ಎದುರು ಕೂರಿಸಿಕೊಂಡು ಮೂಳೆ, ಹುಬ್ಬು, ತುಟಿ ನೋಡಿ ಬರೆಯಬೇಕು. ಅದೇ ಪದ್ಧತಿ, ನಾನು ಮೀರಿಲ್ಲ ಎಂದು ನಿನಗೆ ಎದೆ ತಟ್ಟಿ ಬರೆದದ್ದು. ಕಣ್ಣು ಮುಚ್ಚಿ ಆಕೆಯ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಸೀರೆಯ ಅಂಚು ನೆನಪಿದೆ. ಕೈಬೆರಳು ನೆನಪಿದೆ. ಮುಖ ಬರಲಿಲ್ಲ ಅಕ್ಕಾ.

ಇನ್ನೊಂದು ಯೋಚನೆ ಬಂದಾಗಿನಿಂದ ಅನ್ನ ಸೇರುತ್ತಿಲ್ಲ. ಇಷ್ಟು ವರ್ಷ ಎಲ್ಲರೂ ಹುಡುಕಿದ್ದು ನಮ್ಮ ರಾಕೆಟ್ಟನ್ನು. ಆ ಹುಡುಗಿ ತನ್ನ ಪೋಸ್ಟರಿನ ಕೆಳಗೇ ನಿಂತು ಬಸ್ಸಿಗೆ ಕಾದಿದ್ದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವಳನ್ನು ಹುಡುಕಲೆಂದು ಕೂತವನೇ ಅವಳನ್ನು ಬಚ್ಚಿಟ್ಟೆ.

ಸಾಹೇಬರಿಗೆ ಹೇಳಿದ್ದೇನೆ. ಅವರು ಬೈಯಲಿಲ್ಲ, ಬಾಯಿ ಬಿಟ್ಟುಕೊಂಡು ಚಿತ್ರಗಳನ್ನೇ ನೋಡುತ್ತಾ ನಿಂತರು. ಆ ವಯಸ್ಸಿನ ಹುಡುಗಿಯರ ಕಡತವನ್ನೆಲ್ಲ ಮತ್ತೆ ತೆಗೆಯುತ್ತಿದ್ದೇವೆ. ನಿನ್ನ ಫೋಟೋಗಳನ್ನು ಗಾಜಿನ ಕೆಳಗಿನಿಂದ ತೆಗೆದು ಮನೆಗೆ ತಂದಿದ್ದೇನೆ.

ಆಕೆ ಈ ಸಲ ಬರುತ್ತಾಳೋ ಇಲ್ಲವೋ. ಬಂದರೆ ಯಾವ ಮುಖ ಇಟ್ಟುಕೊಂಡು ಎದುರು ಕೂರಲಿ?

ತಮ್ಮ

ಏಪ್ರಿಲ್ ೧೦

ತಮ್ಮ,

ಬರುತ್ತಾಳೆ. ಬರಬೇಕೆಂದು ನಾನೇ ಕೇಳಿಕೊಂಡೆ. ಪೊಲೀಸರಿಂದ ವಿಳಾಸ ತೆಗೆದುಕೊಂಡು ಭಾನುವಾರ ರಾಕೆಟ್ಟನ್ನೂ ಕರೆದುಕೊಂಡು ಹೋಗಿದ್ದೆ. ಒಂದೇ ಕೋಣೆಯ ಮನೆ, ಗೋಡೆಯ ಮೇಲೆ ನಿನ್ನ ಚಿತ್ರಗಳಿದ್ದ ಜಾಗದಲ್ಲಿ ಬರೀ ಮೊಳೆ.

ಹೋಗುವ ಮುಂಚೆ ರಾಕೆಟ್ಟು ಒಂದು ಕೆಲಸ ಮಾಡಿದ್ದಾಳೆ, ನೀನು ಬೇಜಾರು ಮಾಡಿಕೊಳ್ಳಬಾರದು. ನಿನ್ನ ಕಾಲಯಂತ್ರದ ಚಕ್ರದಿಂದ ಹತ್ತರ ಮುಖವನ್ನು ನನ್ನ ಕತ್ತರಿಯಲ್ಲಿ ಕತ್ತರಿಸಿ ತೆಗೆದಿದ್ದಾಳೆ. ಈಗ ಅಲ್ಲಿ ಬರೀ ತೂತು. ಕಾರ್ಡನ್ನು ಆಕೆಯ ಕೈಗೆ ಕೊಟ್ಟು, "ಇದು ನಿಮ್ಮವಳಿಗೆ. ನಾನು ಜಾಗ ಖಾಲಿ ಮಾಡಿದೀನಿ" ಅಂದಳು. ಕತ್ತರಿಸಿದ ಮುಖವನ್ನು ತನ್ನ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಬರುವಾಗ ಬಸ್ಸಿನಲ್ಲಿ ನನ್ನ ತೋಳಿಗೆ ಒರಗಿ ನಿದ್ದೆ ಹೋದಳು. ಎಲ್ಲಿ ಸಿಕ್ಕೆ ಎಂದು ಆಮೇಲೆ ಕೇಳಿಲ್ಲ.

ನನ್ನ ಕೋಪ ಪೂರ್ತಿ ಇಳಿದಿಲ್ಲ. ಆದರೆ ನೀನು ಅನ್ನ ಬಿಟ್ಟು ಕೂತರೆ ಯಾರಿಗೂ ಲಾಭವಿಲ್ಲ, ಊಟ ಮಾಡು. ಯಾವ ಮುಖ ಇಟ್ಟುಕೊಂಡು ಕೂರಲಿ ಎಂದು ಕೇಳಿದ್ದೀಯಲ್ಲ, ನಿನ್ನ ಮುಖದ ಚಿಂತೆ ಬಿಡು. ಆಕೆಯದನ್ನು ನೋಡು.

ಅಕ್ಕ

ಏಪ್ರಿಲ್ ೨೬

ಅಕ್ಕಾ,

ಆಕೆ ಬಂದಳು. ಎಂದಿನ ಕುರ್ಚಿಯಲ್ಲಿ ಕೂತಳು. ಕ್ಷಮಿಸಿ ಎಂದು ಹೇಳಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಭ್ಯಾಸಬಲದಿಂದ ಕಣ್ಣು ಗಾಜಿನ ಕಡೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

ತಲೆ ಎತ್ತಿದಾಗ ಆಕೆ ಕಾರ್ಡನ್ನು ಎತ್ತಿ ಹಿಡಿದುಕೊಂಡಿದ್ದಳು. ಹತ್ತರ ತೂತಿನಿಂದ ನನ್ನನ್ನು ನೋಡುತ್ತಿದ್ದಳು. ನೌಕೆಯ ದುಂಡು ಕಿಟಕಿಯಲ್ಲಿ ಆಕೆಯ ಮುಖ. ನಾನು ಪೆನ್ಸಿಲ್ಲು ತೆಗೆದುಕೊಂಡೆ.

ಮಗಳ ಬಗ್ಗೆ ಹೇಳಿ ಎಂದೆ. ಇಷ್ಟು ವರ್ಷದಲ್ಲಿ ಈ ಮಾತು ಕೇಳಿದ್ದು ಇದೇ ಮೊದಲು. ಹೇಳುತ್ತಾ ಹೋದಳು. ಮಗು ಹಲ್ಲು ತೋರಿಸಿ ನಗುತ್ತಿರಲಿಲ್ಲವಂತೆ, ತುಟಿ ಮುಚ್ಚಿಕೊಂಡೇ ನಗುತ್ತಿತ್ತಂತೆ, ಆಗ ಒಂದು ಹುಬ್ಬು ಮಾತ್ರ ಮೇಲೇಳುತ್ತಿತ್ತಂತೆ. ನಾನು ಬರೆದದ್ದೆಲ್ಲ ಗುಳಿಕೆನ್ನೆಯ ನಗು. ಹೇಳುತ್ತಿದ್ದ ಹಾಗೆ ಏನೋ ನೆನಪಾಗಿ ಆಕೆಯೇ ನಕ್ಕಳು. ತುಟಿ ಮುಚ್ಚಿಕೊಂಡು, ಒಂದು ಹುಬ್ಬು ಮೇಲೇರಿಸಿ. ಏಳು ವರ್ಷ ಮೇಜಿನ ಆಚೆ ಕಡೆ ಆ ನಗು ಕೂತಿತ್ತು ಅಕ್ಕಾ, ನಾನು ಕೆಳಗೆ ನೋಡುತ್ತಿದ್ದೆ.

ಆಮೇಲೆ ಅತ್ತಳು. ಕಣ್ಣು ತೆಗೆಯಲಿಲ್ಲ, ನೋಡುತ್ತಲೇ ಬರೆದೆ. ಕಾಗದ ಒದ್ದೆಯಾದದ್ದು ಆಮೇಲೆ ಗೊತ್ತಾಯಿತು, ಅದು ನನ್ನ ಕಡೆಯಿಂದ ಆದದ್ದು.

ಬಂದ ಮುಖ ಮುದ್ದಾಗಿಲ್ಲ. ಕೋಲುಮುಖ, ಅಗಲ ಹಣೆ, ಸ್ವಲ್ಪ ಮುಗುಮ್ಮಾಗಿರುವ ಹುಡುಗಿ. ನಾನು ಎಂದೂ ನೋಡದ ಮಗು. ಆಕೆ ಚಿತ್ರವನ್ನು ಹತ್ತಿರ ತಂದು ನೋಡಿದಳು, ದೂರ ಹಿಡಿದು ನೋಡಿದಳು. ಕೈ ಬಾಯಿಗೆ ಹೋಯಿತು. "ಇವಳೇ" ಅಂದಳು. ಸಣ್ಣದಾಗಿ ಇನ್ನೊಂದು ಬರೆಸಿಕೊಂಡು, ಅದನ್ನು ಕಿಟಕಿಗೆ ತಾನೇ ಅಂಟಿಸಿಕೊಂಡು ಹೋದಳು.

ಸಿಗುತ್ತಾಳೆ ಎಂದು ನಾನು ಆಕೆಗೆ ಹೇಳಲಿಲ್ಲ, ನಿನಗೂ ಹೇಳುವುದಿಲ್ಲ. ಕಣ್ಣು ಮುಚ್ಚಿದರೆ ಈಗ ಯಾರು ಬರುತ್ತಾರೆ ಎಂದು ಮಾತ್ರ ಬಾಗಿಲ ಬಳಿ ಕೇಳಿದೆ. ಆಕೆ ಅಲ್ಲೇ ನಿಂತು ಕಣ್ಣು ಮುಚ್ಚಿದಳು, ತುಟಿ ಮುಚ್ಚಿಕೊಂಡೇ ನಕ್ಕಳು.

ಹೊಸ ಪೋಸ್ಟರ್ ಇವತ್ತು ಅಚ್ಚಿಗೆ ಹೋಯಿತು. ನಿಮ್ಮ ಬಸ್ ನಿಲ್ದಾಣದ ಗೋಡೆಗೂ ಬರುತ್ತದೆ. ಬಸ್ಸು ತಪ್ಪಿದರೂ ಪರವಾಗಿಲ್ಲ, ನಿಂತು ಸರಿಯಾಗಿ ನೋಡು. ಎದೆ ಝಲ್ಲೆನ್ನದಿದ್ದರೆ ನನಗೆ ಒಂದು ಸಾಲು ಬರೆ.

ತಮ್ಮ